ನೆಲದಿಂದ ಏಳುವ ಬಲ: ಅರವತ್ತು ದಾಟಿದವರಿಗೆ ವ್ಯಾಯಾಮದ ಕ್ರಮ

ವಿಜಯಪುರದ ಗೋಳಗುಮ್ಮಟದ ಸುತ್ತಮುತ್ತ ಬೆಳಗಿನ ಆರು ಗಂಟೆಗೆ ನಡೆಯಲು ಬರುವವರಲ್ಲಿ ನಿವೃತ್ತರೇ ಬಹಳ. ತಲೆಗೆ ಮಫ್ಲರ್ ಸುತ್ತಿಕೊಂಡು, ಕಾಲಿಗೆ ಬೂಟು ಏರಿಸಿಕೊಂಡು, ಮಗನ ನೌಕರಿ, ಮೊಮ್ಮಗಳ ಪರೀಕ್ಷೆ, ಈ ವರ್ಷದ ಮಳೆ ಇವುಗಳನ್ನು ಮಾತಾಡುತ್ತ ಮೂರು ಸುತ್ತು ಮುಗಿಸಿ, ಚಹಾ ಕುಡಿದು ಮನೆಗೆ ಮರಳುವ ಆ ಗುಂಪಿನಲ್ಲಿ ನಾನೂ ಒಬ್ಬ. ದೈಹಿಕ ಶಿಕ್ಷಕನಾಗಿ ನಿವೃತ್ತನಾದವನಾದ್ದರಿಂದ ವ್ಯಾಯಾಮದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹಮ್ಮು ಬೇರೆ ಇತ್ತು. ಐದು ವರ್ಷ ದಿನ ತಪ್ಪದೆ ನಡೆದ ಮೇಲೆ, ಬೀಗರ ಮನೆಯ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಊಟ ಮುಗಿಸಿ ಏಳಲು ಹೋದಾಗ ಏಳಲಾಗಲಿಲ್ಲ. ನೋವೇನೂ ಇರಲಿಲ್ಲ, ತೊಡೆಗಳಲ್ಲಿ ಬಲವೇ ಇರಲಿಲ್ಲ. ಬಡಿಸುತ್ತಿದ್ದ ಹುಡುಗನೊಬ್ಬ ಬಕೆಟ್ಟು ಕೆಳಗಿಟ್ಟು, "ಕೈ ಕೊಡ್ರಿ ಅಜ್ಜಾರ" ಎಂದು ಎಬ್ಬಿಸಿ ನಿಲ್ಲಿಸಿದ. ಮೂವತ್ತು ವರ್ಷ ಹುಡುಗರಿಂದ ಬಸ್ಕಿ ಹೊಡೆಸಿದವನ ಸ್ಥಿತಿ ಇದಾಗಿತ್ತು.

ನಡಿಗೆ ಒಳ್ಳೆಯದು, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಸಮತಟ್ಟಾದ ದಾರಿಯ ನಡಿಗೆ ಹೃದಯಕ್ಕೂ ಉಸಿರಿಗೂ ಕೊಡುವಷ್ಟು ಕೆಲಸವನ್ನು ತೊಡೆ, ಪೃಷ್ಠ ಮತ್ತು ಬೆನ್ನಿನ ಸ್ನಾಯುಗಳಿಗೆ ಕೊಡುವುದಿಲ್ಲ. ಮುಪ್ಪಿನಲ್ಲಿ ಮನುಷ್ಯನನ್ನು ಪರಾಧೀನನನ್ನಾಗಿ ಮಾಡುವುದು ಬಹುಮಟ್ಟಿಗೆ ಈ ಸ್ನಾಯುಗಳ ಸೋಲೇ ಆಗಿದೆ. ಶೌಚದಿಂದ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು, ಎಡವಿದಾಗ ಬೀಳದೆ ಸಾವರಿಸಿಕೊಳ್ಳಲು ಬೇಕಾಗುವುದು ಇವುಗಳ ಬಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಹೇಳಿದ್ದಲ್ಲದೆ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಮತ್ತು ಮೂರು ದಿನವಾದರೂ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮ ಇರಬೇಕೆಂದು ಹೇಳಿದೆ. ನಮ್ಮ ಬೆಳಗಿನ ಗುಂಪುಗಳು ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡಿವೆ.

ಆರಂಭಿಸುವ ಮುನ್ನ

ಎದೆನೋವು ಬರುತ್ತಿರುವವರು, ಹೃದಯದ ಶಸ್ತ್ರಚಿಕಿತ್ಸೆ ಅಥವಾ ಸ್ಟೆಂಟ್ ಆದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಕಳೆದ ಒಂದು ವರ್ಷದಲ್ಲಿ ಬಿದ್ದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಕೇಳುವಾಗ "ವ್ಯಾಯಾಮ ಮಾಡಬಹುದೇನ್ರಿ" ಎಂದಷ್ಟೇ ಕೇಳಿದರೆ "ಮಾಡ್ರಿ" ಎಂಬ ಉತ್ತರವಷ್ಟೇ ಸಿಗುತ್ತದೆ. ಕುರ್ಚಿಯಿಂದ ಕುಳಿತು ಏಳಬಹುದೇ, ಮಂಡಿಯೂರಬಹುದೇ, ಎಷ್ಟು ಭಾರ ಎತ್ತಬಹುದು ಎಂದು ಬಿಡಿಬಿಡಿಯಾಗಿ ಕೇಳುವುದು ಲೇಸು.

ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಅಂಥವರು ಹಾಸಿಗೆಯಿಂದ ಎದ್ದ ಮೇಲೆ ಒಂದು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಅನಂತರ ನಿಲ್ಲಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಕೆಳಗಿಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ದೂರ ನಡೆಯಬಾರದು, ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ತುಂಡನ್ನೋ ಇಟ್ಟುಕೊಂಡಿರಬೇಕು. ಪಾದಗಳಲ್ಲಿ ಜೋಮು ಹಿಡಿದಂತಾಗುವವರು ಬರಿಗಾಲಲ್ಲಿ ನಡೆಯದೆ, ಮನೆಗೆ ಬಂದ ಮೇಲೆ ಅಂಗಾಲನ್ನು ದಿನವೂ ನೋಡಿಕೊಳ್ಳಬೇಕು. ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಬಲ ಎಷ್ಟಿದೆ ಎಂದು ಅಳೆಯುವುದು

ಇದಕ್ಕೆ ಗಡಿಯಾರ ಮತ್ತು ಕುರ್ಚಿ ಸಾಕು. ಕೈಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆಯಾದ್ದರಿಂದ ಬೇಡ. ನಡುವಿನಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ನಿಂತು ಕೂಡಬಲ್ಲಿರಿ ಎಂದು ಮನೆಯವರೊಬ್ಬರು ಎಣಿಸಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ. 65ರಿಂದ 69ರವರಿಗೆ ಈ ಗಡಿ ಕ್ರಮವಾಗಿ 12 ಮತ್ತು 11, ಎಪ್ಪತ್ತರಿಂದ 74ರವರಿಗೆ 12 ಮತ್ತು 10, ಎಂಬತ್ತರಿಂದ 84ರವರಿಗೆ 10 ಮತ್ತು 9. ಕೈ ಊರದೆ ಒಂದು ಸಲವೂ ಏಳಲಾಗದವರ ಲೆಕ್ಕ ಸೊನ್ನೆ. ಪಂಕ್ತಿಯ ಪ್ರಸಂಗವಾದ ಮರುದಿನ ನನ್ನ ಲೆಕ್ಕ ಒಂಬತ್ತು ಇತ್ತು. ಆ ಪಟ್ಟಿ ಪರದೇಶದ್ದು, ನಮ್ಮ ಎತ್ತರ ತೂಕಗಳು ಬೇರೆ, ಆದ್ದರಿಂದ ಒಂದೆರಡು ಸಂಖ್ಯೆ ಹಿಂದೆಮುಂದೆ ಆದರೆ ಕೊರಗಬೇಕಾಗಿಲ್ಲ. ಈ ತಿಂಗಳ ನಿಮ್ಮ ಲೆಕ್ಕಕ್ಕಿಂತ ಮುಂದಿನ ತಿಂಗಳ ನಿಮ್ಮ ಲೆಕ್ಕ ಮೇಲಿದೆಯೇ ಎಂಬುದೇ ಮುಖ್ಯ.

ಎರಡನೆಯದು, ಅಡುಗೆ ಕಟ್ಟೆಯ ಹತ್ತಿರ ನಿಂತು, ಬೀಳುತ್ತೇನೆ ಅನ್ನಿಸಿದರೆ ಹಿಡಿದುಕೊಳ್ಳುವ ಹಾಗೆ ಕೈ ಸಮೀಪದಲ್ಲಿಟ್ಟು, ಒಂದೇ ಕಾಲ ಮೇಲೆ 10 ಸೆಕೆಂಡು ನಿಲ್ಲುವುದು. ಬ್ರೆಜಿಲ್‌ನಲ್ಲಿ 51ರಿಂದ 75ರ ವಯಸ್ಸಿನ 1,702 ಮಂದಿಯ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗೆ ಇದು ಸಾಧ್ಯವಾಗಲಿಲ್ಲ, ಮತ್ತು ಮುಂದಿನ ವರ್ಷಗಳಲ್ಲಿ ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಾಗಿತ್ತು. ಒಂಟಿಗಾಲಲ್ಲಿ ನಿಲ್ಲಲಾಗದ್ದರಿಂದಲೇ ಅವರು ಸತ್ತರೆಂದು ಇದರ ಅರ್ಥವಲ್ಲ; ಒಳಗಿನ ಹಲವು ಸೋಲುಗಳು ಒಟ್ಟಾಗಿ ಮೊದಲು ಕಾಣಿಸಿಕೊಳ್ಳುವ ಜಾಗ ಅದು.

ಮೂರನೆಯದಾಗಿ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ತಿಳಿದು, ಮುಂದೆ ಹೇಳುವ ವ್ಯಾಯಾಮಗಳನ್ನು ಒಬ್ಬರೇ ಇದ್ದಾಗ ಮಾಡಬಾರದು.

ಕುಳಿತು ಏಳುವುದು

ಸ್ನಾಯುಗಳು ಮೂವತ್ತು ದಾಟಿದ ಮೇಲೆ ನಿಧಾನವಾಗಿಯೂ ಅರವತ್ತರ ನಂತರ ಬೇಗಬೇಗನೆಯೂ ಕರಗುತ್ತವೆ, ಇದು ಯಾರಿಗೂ ತಪ್ಪಿದ್ದಲ್ಲ. ಆದರೆ ಕರಗಿದ್ದು ಮರಳಿ ಬರುವುದಿಲ್ಲ ಎಂಬ ನಂಬಿಕೆ ತಪ್ಪು. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಸಾಧ್ಯವಾದದ್ದು ಅರವತ್ತೆಂಟರಲ್ಲಿ ಸಾಧ್ಯವಾಗದೆ ಇರಲು ಕಾರಣವಿಲ್ಲ.

ನಮ್ಮ ಕಡೆಯ ಗರಡಿ ಮನೆಗಳಲ್ಲಿ ಹುಡುಗ ಮಣ್ಣಿಗಿಳಿದ ಮೊದಲ ದಿನವೇ ಕುಸ್ತಿ ಹಿಡಿಸುವುದಿಲ್ಲ, ದಂಡ ಮತ್ತು ಬಸ್ಕಿ ಹೊಡೆಸುತ್ತಾರೆ. ನಾನು ಹೇಳುವುದು ಆ ಬಸ್ಕಿಯನ್ನೇ, ಆದರೆ ಮುದುಕರ ಬಸ್ಕಿ. ಕೆಳಗೆ ಕುರ್ಚಿ ಇಟ್ಟುಕೊಂಡು ಹೊಡೆಯುವಂಥದು. ಕುರ್ಚಿಯ ಮುಂದಿನ ಅಂಚಿಗೆ ಸರಿದು ಕುಳಿತು, ಪಾದಗಳನ್ನು ಹೆಗಲಗಲಕ್ಕೆ ಇಟ್ಟು, ಹಿಮ್ಮಡಿಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು. ಎದೆಯನ್ನು ಮುಂದಕ್ಕೆ ಬಾಗಿಸಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬಂದಾಗ ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಬೇಕು. ಬಹಳ ಜನ ನೆಟ್ಟಗೆ ಕುಳಿತಲ್ಲಿಂದಲೇ ಮೇಲೇಳಲು ಹೆಣಗಿ, ಆಗದೆ, ಕುರ್ಚಿಯ ಕೈ ಹಿಡಿಯುತ್ತಾರೆ. ಮುಂದಕ್ಕೆ ಬಾಗಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಏಳುವಾಗ ಉಸಿರು ಬಿಡಬೇಕು, ಕೂಡುವಾಗ ಎಳೆದುಕೊಳ್ಳಬೇಕು. ಉಸಿರು ಬಿಗಿಹಿಡಿದು ಮುಕ್ಕರಿಸಿದರೆ ರಕ್ತದೊತ್ತಡ ಏರುತ್ತದೆ. ಮಂಡಿಗಳು ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಇರಬೇಕು.

ಕೂಡುವುದು ಏಳುವುದಕ್ಕಿಂತ ಮುಖ್ಯ ಎಂದರೆ ಆಶ್ಚರ್ಯವಾಗಬಹುದು. ದಪ್ಪೆಂದು ಕುರ್ಚಿಗೆ ಬಿದ್ದುಬಿಟ್ಟರೆ ಸ್ನಾಯುವಿಗೆ ಸಿಗಬೇಕಾದ ಅರ್ಧ ಕೂಲಿ ಹೋದಂತೆ. ಒಂದು, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲಿ ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಉಪಲಿ ಬುರುಜಿನ ಮೆಟ್ಟಿಲು ಹತ್ತಿ ಇಳಿದವರಿಗೆ ಗೊತ್ತು, ಹತ್ತುವಾಗ ಏದುಸಿರು ಬರುತ್ತದೆ, ಆದರೆ ಕಾಲು ನಡುಗುವುದು ಇಳಿಯುವಾಗ. ಇಳಿತವನ್ನು ತಡೆದು ಹಿಡಿಯುವ ಬಲ ಬೇರೆಯೇ, ಮತ್ತು ಮುಗ್ಗರಿಸಿದಾಗ ಮೈಯನ್ನು ತಡೆಯುವುದು ಆ ಬಲವೇ.

ಮೊದಲ ವಾರ ದಿನ ಬಿಟ್ಟು ದಿನ, ಎಂಟು ಸಲ ಎದ್ದು ಕುಳಿತು, ಎರಡು ನಿಮಿಷ ದಣಿವಾರಿಸಿಕೊಂಡು, ಮತ್ತೆ ಎಂಟು ಸಲ ಮಾಡಿದರೆ ಸಾಕು. ಕುರ್ಚಿಯಿಂದ ಆಗದವರು ಎತ್ತರದ ಮಂಚದಿಂದ ಅಥವಾ ಕುರ್ಚಿಯ ಮೇಲೆ ಮಡಿಸಿದ ಕೌದಿ ಹಾಕಿ ಆರಂಭಿಸಲಿ. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಕ್ರಮ ಕೆಡಬಾರದು. ಇದೇ ಸರಿಯಾದ ಅಳತೆ. ಹನ್ನೆರಡು ಸಲ ಸಲೀಸಾಗಿ ಆಗತೊಡಗಿದಾಗ ಮೂರನೆಯ ಸುತ್ತು ಸೇರಿಸಬೇಕು. ಅದೂ ಸಲೀಸಾದರೆ ಎರಡು ಕಿಲೋ ಜೋಳ ತುಂಬಿದ ಬಟ್ಟೆಯ ಚೀಲವನ್ನು ಎದೆಗೆ ಅಪ್ಪಿಕೊಂಡು ಏಳಬೇಕು, ಮುಂದೆ ಮೂರು, ಮುಂದೆ ನಾಲ್ಕು ಕಿಲೋ. ಸಂಕ್ರಮಣದ ಸುಮಾರಿಗೆ ನಡೆಯುವ ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಜಟ್ಟಿಗಳು ದೊಡ್ಡ ಕಲ್ಲನ್ನು ಮೊದಲ ದಿನವೇ ಎತ್ತಿದವರಲ್ಲ, ಸಣ್ಣ ಕಲ್ಲಿನಿಂದ ಬಂದವರು. ಭಾರ ಏರದಿದ್ದರೆ ಬಲವೂ ಏರುವುದಿಲ್ಲ. ಆರು ತಿಂಗಳಿಂದ ಅದೇ ಹತ್ತು ಸಲ, ಅದೇ ಕುರ್ಚಿ ಎನ್ನುವವರು ಇದ್ದದ್ದನ್ನು ಉಳಿಸಿಕೊಳ್ಳುತ್ತಾರೆಯೇ ಹೊರತು ಗಳಿಸುವುದಿಲ್ಲ.

ಇದರ ಜೊತೆಗೆ ಮೂರು ಸಣ್ಣ ಅಭ್ಯಾಸಗಳು ಬೇಕು. ಗೋಡೆಯಿಂದ ಒಂದು ಮೊಳಕ್ಕಿಂತ ತುಸು ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗೆ ಊರಿ, ಮೊಣಕೈ ಮಡಿಸಿ ಮೈಯನ್ನು ಹತ್ತಿರ ತಂದು ದೂರ ತಳ್ಳುವುದು. ಇದು ಗರಡಿಯ ದಂಡದ ಸೌಮ್ಯ ರೂಪ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಂತು ನಿಧಾನ ಇಳಿಯುವುದು. ಮತ್ತು ಸಂತೆಯಿಂದ ಬರುವಾಗ ಕಾಯಿಪಲ್ಲೆಯನ್ನು ಎರಡು ಚೀಲಗಳಿಗೆ ಸಮನಾಗಿ ಹಂಚಿ, ಎರಡೂ ಕೈಗಳಲ್ಲಿ ಹಿಡಿದು, ಬೆನ್ನು ನೆಟ್ಟಗಿಟ್ಟುಕೊಂಡು ನಡೆಯುವುದು. ಕೈಹಿಡಿತದ ಬಲಕ್ಕೆ ಈ ಚೀಲಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಕೈಯಲ್ಲಿನ ಚೀಲವನ್ನು ಮಕ್ಕಳು ಗೌರವದಿಂದಲೇ ಕಸಿದುಕೊಳ್ಳುತ್ತಾರೆ, ಕೊಡಬೇಡಿರಿ.

ಮಂಡಿ ನೋವಿನವರು ಇದೆಲ್ಲ ತಮಗಲ್ಲ ಎಂದುಕೊಳ್ಳುವುದು ಸಹಜ. ಸವೆದ ಮಂಡಿಗೆ ಸುತ್ತಲಿನ ಸ್ನಾಯುಗಳೇ ಊರುಗೋಲು, ಆದ್ದರಿಂದ ಅವರಿಗೆ ಈ ಅಭ್ಯಾಸ ಹೆಚ್ಚು ಬೇಕು. ಅವರು ಅಂಗಾತ ಮಲಗಿ ಒಂದು ಕಾಲು ಮಡಿಸಿ, ಇನ್ನೊಂದನ್ನು ನೇರವಾಗಿಟ್ಟು ಒಂದು ಗೇಣಿಗಿಂತ ತುಸು ಹೆಚ್ಚು ಎತ್ತಿ, ಐದು ಎಣಿಸಿ ಇಳಿಸುವುದರಿಂದ ತೊಡಗಿ, ಎರಡು ಮೂರು ವಾರದ ಮೇಲೆ ಎತ್ತರದ ಆಸನದಿಂದ ಏಳುವುದಕ್ಕೆ ಬರಬಹುದು. ಮಾಡುವಾಗ ಸ್ವಲ್ಪ ನೋವಾದರೆ ಅಡ್ಡಿಯಿಲ್ಲ. ಆ ಹೆಚ್ಚಿನ ನೋವು ಮರುದಿನ ಅದೇ ಹೊತ್ತಿಗೂ ಇಳಿಯದಿದ್ದರೆ ಮಾಡಿದ್ದು ಜಾಸ್ತಿಯಾಯಿತೆಂದು ತಿಳಿದು ಅರ್ಧಕ್ಕೆ ಇಳಿಸಬೇಕು. ಮಂಡಿ ಬಾತು ಬಿಸಿಯಾಗಿದ್ದರೆ ಆ ದಿನ ಬೇಡ.

ನೆಲಕ್ಕೆ ಮರಳುವುದು

ನಮ್ಮ ತಂದೆ ತಾಯಿ ನೆಲದ ಮೇಲೆ ಉಂಡರು, ನೆಲದ ಮೇಲೆ ಕುಳಿತು ಜೋಳ ಹಸನು ಮಾಡಿದರು, ಕುಕ್ಕರುಗಾಲಲ್ಲಿ ಕುಳಿತು ಬಟ್ಟೆ ಒಗೆದರು. ದಿನಕ್ಕೆ ಮೂವತ್ತು ನಲವತ್ತು ಸಲ ನೆಲಕ್ಕಿಳಿದು ಎದ್ದರೂ ಅದಕ್ಕೆ ವ್ಯಾಯಾಮವೆಂಬ ಹೆಸರಿರಲಿಲ್ಲ. ಊಟದ ಮೇಜು, ಸೋಫಾ, ಕಮೋಡು, ನಿಂತು ರೊಟ್ಟಿ ಬಡಿಯುವ ಕಟ್ಟೆ ಇವೆಲ್ಲ ಬಂದ ಮೇಲೆ ನಾವು ನೆಲವನ್ನು ಮುಟ್ಟುವುದೇ ಬಿದ್ದಾಗ. ಇವುಗಳನ್ನು ಬಿಟ್ಟುಬಿಡಿ ಎನ್ನುವುದು ಅವಿವೇಕ, ಮಂಡಿ ಸವೆದವರಿಗೆ ಕಮೋಡು ದೊಡ್ಡ ಉಪಕಾರ. ಆದರೆ ದಿನಕ್ಕೆರಡು ಸಲ ತಿಳಿದೇ ನೆಲಕ್ಕಿಳಿದು ಏಳುವ ಅಭ್ಯಾಸ ಇಟ್ಟುಕೊಂಡರೆ, ಬಿದ್ದ ದಿನ ತಾಸುಗಟ್ಟಲೆ ಕೂಗುತ್ತ ನೆಲದ ಮೇಲೆ ಬಿದ್ದಿರುವುದು ತಪ್ಪೀತು.

ಇಳಿಯುವುದನ್ನು ಹಂತಹಂತವಾಗಿ ಮಾಡಬೇಕು: ಕುರ್ಚಿಯಿಂದ ಏಳುವುದು ಸಲೀಸಾದ ಮೇಲೆ ಗಿಡ್ಡ ಸ್ಟೂಲು, ಅದಾದ ಮೇಲೆ ಮಣೆಯ ಮೇಲೊಂದು ಮಣೆ, ಅನಂತರ ಒಂದೇ ಮಣೆ, ಕೊನೆಗೆ ನೆಲ. ನನಗೆ ಕುರ್ಚಿಯಿಂದ ಮಣೆಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಏಳುವಾಗ ಚಕ್ಕಳಮಕ್ಕಳದಿಂದ ನೇರವಾಗಿ ಏಳಲು ಹೋಗಬಾರದು. ಮೊದಲು ಎರಡೂ ಮಂಡಿಗಳನ್ನು ಒಂದೇ ಮಗ್ಗುಲಿಗೆ ಮಡಿಸಿ, ಎರಡೂ ಅಂಗೈಗಳನ್ನು ಅದೇ ಮಗ್ಗುಲಿಗೆ ನೆಲಕ್ಕೆ ಊರಿ, ಅಂಬೆಗಾಲಿಡುವ ಮಗುವಿನ ಹಾಗೆ ನಾಲ್ಕರ ಮೇಲೆ ಬರಬೇಕು. ಮಂಡಿಯ ಕೆಳಗೆ ನಾಲ್ಕು ಮಡಿಕೆಯ ಕೌದಿ ಇರಲಿ. ಗೋಡೆಗೆ ಆನಿಸಿದ ಕುರ್ಚಿಯವರೆಗೆ ಹಾಗೆಯೇ ಸರಿದು, ಅದರ ಮೇಲೆ ಎರಡೂ ಕೈ ಊರಿ, ಬಲವಾದ ಕಾಲಿನ ಪಾದವನ್ನು ಮುಂದೆ ತಂದು ಪೂರ್ತಿ ನೆಲಕ್ಕೆ ಊರಬೇಕು. ಆ ಕಾಲನ್ನೂ ಕೈಗಳನ್ನೂ ಒಟ್ಟಿಗೆ ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕುಳಿತು, ಉಸಿರು ಸಮನಾದ ಮೇಲೆ ನಿಲ್ಲಬೇಕು. ಇಳಿಯುವ ಕ್ರಮ ಇದನ್ನೇ ಹಿಂದುಮುಂದು ಮಾಡಿದ್ದು. ಮೊದಲ ಹತ್ತು ದಿನ ಮನೆಯವರೊಬ್ಬರು ಪಕ್ಕದಲ್ಲಿರಬೇಕು, ಆದರೆ ರಟ್ಟೆ ಹಿಡಿದು ಎತ್ತಬಾರದು. ಹೆಗಲ ಕೀಲಿಗೆ ಪೆಟ್ಟಾಗುತ್ತದೆ, ಕಲಿಯುವುದೂ ತಪ್ಪುತ್ತದೆ.

ಕೃತಕ ಮಂಡಿ ಹಾಕಿಸಿಕೊಂಡವರು ಮಂಡಿಯೂರುವ ಬಗ್ಗೆ ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಬೇಕು. ಇನ್ನು ನಿಜವಾಗಿಯೇ ಬಿದ್ದಾಗ ಕೂಡಲೇ ಏಳಲು ಹವಣಿಸಬಾರದು. ಒಂದು ನಿಮಿಷ ಹಾಗೇ ಇದ್ದು, ಸೊಂಟ, ಮಣಿಕಟ್ಟು, ತಲೆ ಎಲ್ಲಿ ನೋಯುತ್ತಿದೆ ನೋಡಿಕೊಳ್ಳಬೇಕು. ಒಂದು ಕಾಲು ಗಿಡ್ಡದಾದಂತೆ ಅಥವಾ ಹೊರಕ್ಕೆ ತಿರುಗಿದಂತೆ ಕಂಡರೆ, ತೊಡೆಸಂದಿನಲ್ಲಿ ನೋವಿದ್ದರೆ ಏಳದೆ 108ಕ್ಕೆ ಕರೆ ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಸಮತೋಲನ

ಇದಕ್ಕೆ ಬೇರೆ ವೇಳೆ ಬೇಕಿಲ್ಲ. ಹಲ್ಲುಜ್ಜುವಾಗ, ಹಾಲು ಉಕ್ಕುವುದನ್ನು ಕಾಯುವಾಗ ಕಟ್ಟೆಗೆ ಒಂದು ಬೆರಳು ತಾಗಿಸಿ ಒಂಟಿಗಾಲಲ್ಲಿ ಹತ್ತು ಎಣಿಸಬೇಕು, ಮತ್ತೆ ಇನ್ನೊಂದು ಕಾಲು. ಪಡಸಾಲೆಯ ಗೋಡೆಯ ಗುಂಟ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಹತ್ತು ಹೆಜ್ಜೆ ನಡೆದು ಮರಳಬೇಕು. ಸುಲಭವೆನಿಸಿದಾಗ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ ಮಾಡಬೇಕು. ಕಣ್ಣು ಮುಚ್ಚಿ ಮಾಡುವ ಸಾಹಸ ಬೇಡ.

ಎಷ್ಟು ಅಭ್ಯಾಸ ಮಾಡಿದರೂ ಬಚ್ಚಲ ಪಾಚಿ ಗೆಲ್ಲುತ್ತದೆ. ಬಚ್ಚಲಲ್ಲಿ ಹಿಡಿಕೆ, ಒರಟು ಮೇಲ್ಮೈಯ ಚಾಪೆ, ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ಸಣ್ಣ ದೀಪ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಇವು ಆಗಲೇಬೇಕು. ಸವೆದ ಹವಾಯಿ ಚಪ್ಪಲಿ ಎಸೆಯಬೇಕು, ಧೋತರದ ಚುಂಗು ಮತ್ತು ಸೀರೆಯ ಅಂಚು ಪಾದಕ್ಕೆ ತೊಡರದಂತೆ ಎತ್ತಿ ಉಡಬೇಕು. ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು.

ನಡಿಗೆಯ ಲೆಕ್ಕ

ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಡಿಗೆಯ ವೇಗಕ್ಕೆ ಇದೇ ಸರಳ ಅಳತೆ. ಈ ಲೆಕ್ಕದಲ್ಲಿ ನಮ್ಮ ಗುಂಪಿನ ನಡಿಗೆ ಮೆರವಣಿಗೆಯೇ ಹೊರತು ವ್ಯಾಯಾಮವಲ್ಲ. ಮೊದಲ ಐದು ನಿಮಿಷ ನಿಧಾನ, ಆಮೇಲೆ ಎರಡು ನಿಮಿಷ ಬಿರುಸು, ಎರಡು ನಿಮಿಷ ನಿಧಾನ ಎಂದು ಬದಲಿಸುತ್ತ ಹೋದರೆ ಒಂದು ತಿಂಗಳಲ್ಲಿ ಬಿರುಸಿನ ಪಾಲು ತಾನಾಗಿ ಹೆಚ್ಚುತ್ತದೆ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ತುಂಬುತ್ತದೆ. ಒಮ್ಮೆಲೆ ಆಗದವರು ಮೂರು ಸಲ ಹತ್ತತ್ತು ನಿಮಿಷ ನಡೆಯಲಿ, ಅದೂ ಲೆಕ್ಕಕ್ಕೆ ಬರುತ್ತದೆ. ಊಟವಾದ ಮೇಲಿನ ಹತ್ತು ನಿಮಿಷದ ನಡಿಗೆ ಸಕ್ಕರೆ ಕಾಯಿಲೆಯವರಿಗೆ ವಿಶೇಷವಾಗಿ ಹಿತ.

ನಮ್ಮ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಲಹೆಯೂ ಇಲ್ಲಿ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಆ ಎರಡು ತಿಂಗಳು ಬೆಳಗಿನ ಏಳರೊಳಗೆ ಮನೆ ಸೇರಬೇಕು, ಹೊರಡುವ ಮುನ್ನ ಒಂದು ತಂಬಿಗೆ ನೀರು ಕುಡಿದಿರಬೇಕು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯನ್ನೇ ಪಾಲಿಸಬೇಕು. ಡಿಸೆಂಬರ್, ಜನವರಿಯಲ್ಲಿ ಇದಕ್ಕೆ ತದ್ವಿರುದ್ಧ: ಹೃದ್ರೋಗಿಗಳು ನಸುಕಿನ ಚಳಿಯಲ್ಲಿ ಹೊರಡದೆ ಬಿಸಿಲು ಬಿದ್ದ ಮೇಲೆ ಹೊರಡಲಿ. ಬೆಳಗಾವಿಯ ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ಕಾಲಿಡಲಾಗದವರು ಮನೆಯೊಳಗೆ ಮೆಟ್ಟಿಲು ಹತ್ತಿಳಿದರೂ ಆದೀತು. ನಡೆಯುವಾಗ ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ಅಲ್ಲೇ ಕುಳಿತು ಸಹಾಯ ಕೇಳಬೇಕು. "ಗ್ಯಾಸ್ ಆಗೇದ" ಎಂದು ಮನೆಯವರೆಗೆ ನಡೆದುಕೊಂಡು ಹೋಗಬಾರದು.

ಸೈಕಲ್ ತುಳಿಯುವ ರೂಢಿ ಇನ್ನೂ ಉಳಿಸಿಕೊಂಡಿರುವವರು ಅದನ್ನು ಬಿಡಬೇಕಾಗಿಲ್ಲ. ಈ ಜಿಲ್ಲೆ ಸೈಕಲ್ ಪಟುಗಳಿಗೆ ಹೆಸರಾದದ್ದು, ಹಳ್ಳಿಗಳಲ್ಲಿ ಎಪ್ಪತ್ತರ ಹಿರಿಯರು ಹೊಲಕ್ಕೆ ಸೈಕಲ್ ಮೇಲೆ ಹೋಗುವುದು ಇನ್ನೂ ಕಾಣುತ್ತದೆ. ನಡು ದಂಡೆ ಇಲ್ಲದ ಸೈಕಲ್ಲಾದರೆ ಇಳಿಯುವಾಗ ಕಾಲು ಸಿಕ್ಕಿಕೊಳ್ಳುವುದಿಲ್ಲ. ಯೋಗ ಮಾಡುವವರಿಗೆ ಒಂದೇ ಮಾತು: ಪ್ರಾಣಾಯಾಮವೂ ಚಪ್ಪಾಳೆಯೂ ತೊಡೆಗೆ ಬಲ ಕೊಡುವುದಿಲ್ಲ, ಮತ್ತು ಮೂಳೆ ಟೊಳ್ಳಾಗಿದೆಯೆಂದು ವೈದ್ಯರು ಹೇಳಿದವರು ಬೆನ್ನನ್ನು ಬಲವಂತವಾಗಿ ಮುಂದಕ್ಕೆ ಬಗ್ಗಿಸುವ ಆಸನಗಳನ್ನು ಮಾಡಬಾರದು, ಬೆನ್ನುಮೂಳೆ ಮುರಿದೀತು.

ಹೆಂಗಸರು

"ಮನಿ ಕೆಲಸಾನ ರಗಡ ಆಗ್ತದ, ಮತ್ಯಾಕ ವ್ಯಾಯಾಮ" ಎಂದು ನನ್ನ ಮನೆಯವರು ಬಹಳ ದಿನ ವಾದಿಸಿದರು. ರೊಟ್ಟಿ ಬಡಿಯುವವರ ತೋಳಿಗೆ ಕೆಲಸವಿದೆ, ನಿಜ. ಆದರೆ ದಿನವಿಡೀ ನಿಂತು ದಣಿಯುವುದು ಬೇರೆ, ತೊಡೆಗೆ ಭಾರ ಕೊಡುವುದು ಬೇರೆ. ಕುರ್ಚಿಯ ಪರೀಕ್ಷೆಯಲ್ಲಿ ಅವರು ಏಳು ಸಲ ಎದ್ದ ಮೇಲೆ ವಾದ ನಿಂತಿತು. ಮುಟ್ಟು ನಿಂತ ನಂತರ ಮೂಳೆಯ ಸವೆತ ಹೆಚ್ಚುವುದರಿಂದ ಭಾರದ ವ್ಯಾಯಾಮ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಬೇಕು.

ಅವರು ಹೇಳಿಕೊಳ್ಳದ ತೊಂದರೆಯೊಂದಿದೆ. ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಹನಿಯುತ್ತದೆಂಬ ನಾಚಿಕೆಯಿಂದಲೇ ಹಲವರು ಹೊರಗೆ ನಡೆಯುವುದನ್ನು ಬಿಟ್ಟಿರುತ್ತಾರೆ. ಮೂತ್ರವನ್ನು ತಡೆಯುವ ಸ್ನಾಯುವನ್ನು ಒಳಕ್ಕೆ ಬಿಗಿಹಿಡಿದು, ಐದು ಎಣಿಸಿ, ಸಡಿಲಿಸುವುದನ್ನು ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತರಂತೆ ಮೂರು ತಿಂಗಳು ಮಾಡಿದರೆ ಬಹಳ ಜನರಿಗೆ ಗುಣ ಕಾಣುತ್ತದೆ. ಕುಳಿತು, ಮಲಗಿ ಎಲ್ಲಿ ಬೇಕಾದರೂ ಮಾಡಬಹುದು, ಆದರೆ ಮೂತ್ರ ಮಾಡುತ್ತಿರುವಾಗ ಅಲ್ಲ. ಗುಣವಾಗದಿದ್ದರೆ ವೈದ್ಯರಲ್ಲಿ ಇದಕ್ಕೆ ಚಿಕಿತ್ಸೆಯಿದೆ.

ತಟ್ಟೆಯಲ್ಲಿ ಏನಿರಬೇಕು

ಭಾರ ಎತ್ತಿದ ಸ್ನಾಯುವಿಗೆ ಪ್ರೋಟೀನ್ ಸಿಗದಿದ್ದರೆ ಅದು ಬೆಳೆಯುವುದಿಲ್ಲ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ, ಎಂದರೆ 60 ಕಿಲೋದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಏಳು, ಒಂದು ಲೋಟ ಹಾಲಿನಲ್ಲಿ ಆರೇಳು, ಒಂದು ತತ್ತಿಯಲ್ಲಿ ಆರು, ಮೂವತ್ತು ಗ್ರಾಂ ಒಣ ಕಾಳಿನಲ್ಲಿ ಏಳು ಗ್ರಾಂ ಪ್ರೋಟೀನ್ ಇರುತ್ತದೆ. ರೊಟ್ಟಿಯ ಜೊತೆ ಮೊಳಕೆ ಮಡಿಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಮಧ್ಯಾಹ್ನದ ಊಟಕ್ಕೆ ಕೊರತೆಯಿಲ್ಲ. ಕೊರತೆ ಬೀಳುವುದು ಬೆಳಗ್ಗೆ ಮತ್ತು ರಾತ್ರಿ: ಮುಂಜಾನೆ ಚಹಾದ ಜೊತೆ ಚುರಮುರಿ, ರಾತ್ರಿ "ಹಸಿವಿಲ್ಲ" ಎಂದು ಎರಡು ತುತ್ತು ಸಾರು ಅನ್ನ. ಚುರಮುರಿಗೆ ಒಂದು ಹಿಡಿ ಶೇಂಗಾ ಮತ್ತು ಪುಟಾಣಿ ಬೆರೆಸಿ, ರಾತ್ರಿ ಹೆಸರು ಬೇಳೆ ಹೆಚ್ಚು ಹಾಕಿದ ಖಿಚಡಿಯನ್ನು ಮೊಸರಿನೊಂದಿಗೆ ಉಂಡರೆ ಲೆಕ್ಕ ಸರಿಹೋಗುತ್ತದೆ. ಹಲ್ಲಿಲ್ಲದವರು ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ತಿನ್ನಬಹುದು, ಶೇಂಗಾವನ್ನು ಪುಡಿ ಮಾಡಿಕೊಳ್ಳಬಹುದು.

ವಾರ ಮತ್ತು ತಪ್ಪಿದ ದಿನಗಳು

ನನ್ನ ವಾರ ಹೀಗಿದೆ: ಸೋಮ, ಬುಧ, ಶುಕ್ರವಾರ ಬೆಳಗ್ಗೆ ಇಪ್ಪತ್ತು ನಿಮಿಷ ಕುರ್ಚಿ, ಗೋಡೆ, ಕಟ್ಟೆಯ ಅಭ್ಯಾಸ, ರವಿವಾರ ಬಿಟ್ಟು ಉಳಿದ ದಿನಗಳೆಲ್ಲ ನಡಿಗೆ, ಒಂಟಿಗಾಲು ಮತ್ತು ನೆಲದ ಅಭ್ಯಾಸ ದಿನವೂ. ತಿಂಗಳ ಮೊದಲ ತಾರೀಖಿಗೆ ಕುರ್ಚಿಯ ಪರೀಕ್ಷೆ ಮಾಡಿ ಕ್ಯಾಲೆಂಡರಿನ ಮೂಲೆಯಲ್ಲಿ ಸಂಖ್ಯೆ ಬರೆಯುತ್ತೇನೆ. ಒಂಬತ್ತರಿಂದ ಹದಿನೈದಕ್ಕೆ ಬರಲು ಎಂಟು ತಿಂಗಳು ಬೇಕಾಯಿತು, ನಡುವೆ ಎರಡು ಸಲ ಇಳಿದದ್ದೂ ಉಂಟು.

ಇಳಿದದ್ದು ಜ್ವರ ಬಂದಾಗ. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ ಹಿರಿಯರನ್ನು ಹತ್ತು ದಿನ ಹಾಸಿಗೆಯ ಮೇಲೆಯೇ ಇರಿಸಿದಾಗ, ಅವರ ಕಾಲುಗಳ ಸ್ನಾಯು ಭಾಗದಲ್ಲಿ ಸುಮಾರು ಒಂದು ಕಿಲೋ ಕಡಿಮೆಯಾಗಿತ್ತು. ಆದ್ದರಿಂದ ಕಾಯಿಲೆಯಲ್ಲಿ ವೈದ್ಯರು ಬೇಡವೆನ್ನದಿದ್ದರೆ ಊಟಕ್ಕೆ, ಶೌಚಕ್ಕೆ ಎದ್ದೇ ಹೋಗಬೇಕು, ಹಾಸಿಗೆಯಲ್ಲೇ ತಟ್ಟೆ ತರಿಸಿಕೊಳ್ಳಬಾರದು. ಮಲಗಿದಲ್ಲೇ ಪಾದ ಮಡಿಸಿ ಚಾಚುವುದನ್ನೂ ತೊಡೆ ಬಿಗಿಹಿಡಿದು ಬಿಡುವುದನ್ನೂ ತಾಸಿಗೊಮ್ಮೆ ಮಾಡಬಹುದು. ಜ್ವರ ಪೂರ್ತಿ ಬಿಟ್ಟ ಎರಡು ದಿನಗಳ ಮೇಲೆ, ಬಿಟ್ಟಲ್ಲಿಂದಲ್ಲ, ಅದರ ಅರ್ಧದಿಂದ ಆರಂಭಿಸಬೇಕು: ಹನ್ನೆರಡು ಸಲ ಏಳುತ್ತಿದ್ದವರು ಆರು ಸಲ, ಜೋಳದ ಚೀಲವಿಲ್ಲದೆ, ಬೇಕಾದರೆ ಕುರ್ಚಿಯ ಮೇಲೆ ಮತ್ತೆ ಕೌದಿ ಹಾಕಿಕೊಂಡು.